ನಿಧಾನದ ಎದೆಬಡಿತ: ಬಲವೋ, ಬೇನೆಯೋ?

(1/5)
ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಸ್ಮಾರ್ಟ್‌ವಾಚ್ ಎದೆಬಡಿತ 48 ಅಂತ ತೋರಿಸಿದ್ರೆ ಏನು ಮಾಡ್ತೀರಿ? ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ದಿನಾ ಓಡುವವರಾದ್ರೆ ಸ್ಕ್ರೀನ್‌ಶಾಟ್ ತೆಗೆದು ಸ್ಟೋರಿ ಹಾಕ್ತೀರಿ. ಓಡದವರಾದ್ರೆ ಗೂಗಲ್ ಮಾಡಿ ಹೆದರ್ತೀರಿ. ಸಂಖ್ಯೆ ಒಂದೇ, ಅರ್ಥ ಎರಡು.

ಕಾಪುವಿನ ನಮ್ಮ ಮಾವನಿಗೆ 72ನೇ ವಯಸ್ಸಿನಲ್ಲಿ 44 ಬಂದಿತ್ತು. ನಾವೆಲ್ಲ ಖುಷಿಪಟ್ಟೆವು. "ಪ್ರಾಯದಲ್ಲಿ ರಂಪಣಿ ಬಲೆ ಎಳೆದ ದೇಹ ಮಾರಾಯ್ರೆ, ಹಾಗೇ ಇರ್ತದೆ" ಅಂದೆವು. ಆಗಾಗ ತಲೆ ತಿರುಗ್ತದೆ ಅಂತ ಅವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಕಥೆಗೆ ಕೊನೆಯಲ್ಲಿ ಬರ್ತೇನೆ. ಮೊದಲು, ನಿಧಾನದ ಹೃದಯವನ್ನು ಜಗತ್ತು ಹೇಗೆಲ್ಲ ತಪ್ಪು ಓದಿತು ಅಂತ ನೋಡುವ.

(2/5)
ನಮ್ಮಲ್ಲಿ ನಾಡಿ ನೋಡುವುದು ಹಳೆಯ ವಿದ್ಯೆ. ಶಾರ್ಙ್ಗಧರ ಸಂಹಿತೆ ವಾತದ ನಾಡಿಯನ್ನು ಹಾವಿಗೆ, ಪಿತ್ತದ್ದನ್ನು ಕಪ್ಪೆಗೆ, ಕಫದ್ದನ್ನು ಹಂಸಕ್ಕೆ ಹೋಲಿಸುತ್ತದೆ. ಗಮನಿಸಿ: ಅಲ್ಲಿ ಲೆಕ್ಕಕ್ಕಿಂತ ನಡಿಗೆ ಮುಖ್ಯ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ನಾಡಿ ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರ ಮಾಡಿಸಿ, 1707ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ನಾಡಿ ಸಂಖ್ಯೆಯಾಗತೊಡಗಿತು.

ಸಂಖ್ಯೆ ಬಂದ ಮೇಲೆ 'ನಾರ್ಮಲ್' ಬಂತು. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ ನಿಮಿಷಕ್ಕೆ 60ರಿಂದ 100. ಅದಕ್ಕಿಂತ ಕಡಿಮೆಯಾದ್ರೆ ಅದಕ್ಕೊಂದು ಹೆಸರು: ಬ್ರಾಡಿಕಾರ್ಡಿಯಾ. ಆದರೆ ವರ್ಷಗಟ್ಟಲೆ ಓಡಿದವರು, ಈಜಿದವರು, ದೋಣಿ ಹುಟ್ಟು ಹಾಕಿದವರು ಆರಾಮಾಗಿ 40-50ರಲ್ಲಿ ಇರುತ್ತಿದ್ದರು.

1899ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಸಾಲೊಮನ್ ಹೆನ್ಶೆನ್ ಎಂಬ ವೈದ್ಯರು ಹಿಮದ ಮೇಲೆ ದೂರ ದೂರ ಜಾರುವ ಸ್ಕೀ ಪಟುಗಳ ಎದೆಯನ್ನು ಬೆರಳಿನಿಂದ ತಟ್ಟಿ, ಶಬ್ದ ಬದಲಾಗುವ ಜಾಗ ಹಿಡಿದು ಹೃದಯದ ಅಂಚು ಗುರುತಿಸಿದರು. ಹೃದಯ ದೊಡ್ಡದಾಗಿತ್ತು. ದೊಡ್ಡ ಹೃದಯ ಅಂದ್ರೆ ರೋಗ ಎಂದೇ ತಿಳಿದಿದ್ದ ಕಾಲ ಅದು. ಹೆನ್ಶೆನ್ ಮಾತ್ರ, ಹೆಚ್ಚು ಕೆಲಸ ಮಾಡಬಲ್ಲ ಹೃದಯ ದೊಡ್ಡದಾದರೆ ಅದು ಒಳ್ಳೆಯದೇ ಎಂದರು. ಎಲ್ಲರೂ ಒಪ್ಪಲಿಲ್ಲ.

(3/5)
ಒಪ್ಪದಿದ್ದುದರ ಬೆಲೆಯನ್ನು ತೆತ್ತವರಲ್ಲಿ ಅಮೆರಿಕದ ಕ್ಲಾರೆನ್ಸ್ ಡಿಮಾರ್ ಒಬ್ಬರು. ಅಚ್ಚುಮೊಳೆ ಜೋಡಿಸುವ ಕೆಲಸದವರು. 1911ರ ಬಾಸ್ಟನ್ ಮ್ಯಾರಥಾನ್‌ಗೆ ಮೊದಲು ಪರೀಕ್ಷೆ ಮಾಡಿದ ವೈದ್ಯರಿಗೆ ಅವರ ಎದೆಯಲ್ಲಿ ಮರ್ಮರ ಶಬ್ದ ಕೇಳಿತು. ಇನ್ನು ಓಟ ಬೇಡ ಅಂದರು. ಡಿಮಾರ್ ಅದೇ ಓಟ ಗೆದ್ದರು! ಆದರೂ ಭಯ ಒಳಗೆ ಕೂತಿತ್ತು. ಬೇರೆ ಕಾರಣಗಳೂ ಸೇರಿ ಹಲವು ವರ್ಷ ಮ್ಯಾರಥಾನ್‌ನಿಂದ ದೂರವೇ ಉಳಿದರು.

ಅದೇ ಕಾಲದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋಗಿ 42.75 ಕಿ.ಮೀ. ಓಡಿ 19ನೆಯವರಾಗಿ ಮುಗಿಸಿದರು. 2 ಗಂಟೆ 50 ನಿಮಿಷ ಚಿಲ್ಲರೆ. ಓಟಗಾರರ ಹೃದಯ ಬಲವಾ, ರೋಗವಾ ಅಂತ ವೈದ್ಯರು ಇನ್ನೂ ಜಗಳಾಡುತ್ತಿದ್ದಾಗಲೇ!

ಡಿಮಾರ್ ವಾಪಸ್ ಬಂದರು. 1930ರ ಹೊತ್ತಿಗೆ ಒಟ್ಟು 7 ಸಲ ಬಾಸ್ಟನ್ ಗೆದ್ದರು. ಕೊನೇ ಗೆಲುವಿನಲ್ಲಿ ಅವರಿಗೆ 41 ವರ್ಷ. 1958ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಹೃದ್ರೋಗತಜ್ಞ ಪಾಲ್ ಡಡ್ಲಿ ವೈಟ್ ಮತ್ತು ಸಂಗಡಿಗರು ಅವರ ಹೃದಯದ ಶವಪರೀಕ್ಷೆಯ ವರದಿಯನ್ನು 1961ರಲ್ಲಿ ಪ್ರಕಟಿಸಿದರು. ಹೃದಯಕ್ಕೆ ರಕ್ತ ಕೊಡುವ ನಾಳಗಳು ಸಾಮಾನ್ಯರದ್ದಕ್ಕಿಂತ ಎರಡು-ಮೂರು ಪಟ್ಟು ಅಗಲವಾಗಿದ್ದವು. 'ಓಡಬೇಡ' ಅನ್ನಿಸಿಕೊಂಡ ಹೃದಯ ಅದು.

(4/5)
ಯಾಕೆ ನಿಧಾನ? ಲೆಕ್ಕ ಸುಲಭ ಉಂಟು. ಸುಮ್ಮನೆ ಮಲಗಿದ್ದಾಗ ದೇಹಕ್ಕೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. ಒಂದು ಬಡಿತಕ್ಕೆ 70 ಮಿಲಿಲೀಟರ್ ತಳ್ಳುವ ಹೃದಯ 70 ಸಲ ಬಡಿಯಬೇಕು. 100 ಮಿಲಿಲೀಟರ್ ತಳ್ಳುವ ಹೃದಯಕ್ಕೆ 50 ಸಾಕು. ಚಿಕ್ಕ ಕೊಡ, ದೊಡ್ಡ ಕೊಡ. ನೀರು ಅಷ್ಟೇ, ಬಾವಿಗೆ ಹೋಗುವ ಸಲ ಕಡಿಮೆ.

ಬಹಳ ಕಾಲ ಇದಕ್ಕೆ ವೇಗಸ್ ಎಂಬ ನರ ಹಾಕುವ ಬ್ರೇಕ್ ಮಾತ್ರ ಕಾರಣ ಅಂತಿದ್ದರು. 2014ರಲ್ಲಿ ಮ್ಯಾಂಚೆಸ್ಟರಿನ ಸಂಶೋಧಕರು ಇಲಿಗಳಿಗೆ ವ್ಯಾಯಾಮ ಮಾಡಿಸಿ, ಹೃದಯಕ್ಕೆ ತಾಳ ಹಾಕುವ ಕೋಶಗಳೇ ಬದಲಾಗುತ್ತವೆ ಅಂತ ತೋರಿಸಿದರು. ಯಾವುದು ಎಷ್ಟು ಕಾರಣ ಅನ್ನುವ ಚರ್ಚೆ ಈಗಲೂ ಉಂಟು.

ಇನ್ನೊಂದು ವಿಷಯ. ಮಿಯಾರಿನ ಕಂಬಳದ ಕರೆಯಲ್ಲಿ ಒಂದು ಓಟ ಕೆಲವೇ ಸೆಕೆಂಡಿನದ್ದು. ಬಡಿತವನ್ನು ಇಳಿಸುವುದು ಅಂಥ ಸಿಡಿತಕ್ಕಿಂತ ಹೆಚ್ಚಾಗಿ ಗಂಟೆಗಟ್ಟಲೆಯ ಓಟ, ಈಜು, ಸೈಕಲ್. ಮತ್ತೆ ಈ ಗಳಿಕೆ ಪರ್ಮನೆಂಟ್ ಅಲ್ಲ. ಅಭ್ಯಾಸ ನಿಲ್ಲಿಸಿದರೆ ಬಡಿತ ನಿಧಾನಕ್ಕೆ ಮೇಲೇರುತ್ತದೆ.

(5/5)
ಈಗ ಮಾವನ ಕಥೆ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಮೂಲೆಗೆ ಸರಿಯಿತು. ಮಾವ ಅಂಗಡಿ ಇಟ್ಟು ಕೂತರು. ನಲವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಬಲೆಯ ಲೆಕ್ಕವನ್ನು ನಾವು ಅವರ ಇವತ್ತಿನ ಹೃದಯಕ್ಕೆ ಜಮಾ ಮಾಡಿದ್ದೆವು.

ಕಾರ್ಕಳದ ಗೊಮ್ಮಟಬೆಟ್ಟದ ಮೆಟ್ಟಿಲಲ್ಲಿ ಅರ್ಧಕ್ಕೇ ಕೂತುಬಿಟ್ಟರು. ಮುಖ ಬಿಳಿಚಿತ್ತು. ಅಷ್ಟು ಹತ್ತಿದ ಮೇಲೂ ಬಡಿತ 46! ಓಟಗಾರನ ನಿಧಾನ ಹೃದಯ ಮೆಟ್ಟಿಲು ಹತ್ತಿದರೆ ಸರಸರ ಮೇಲೇರುತ್ತದೆ. ಇವರದ್ದು ಏರಲೇ ಇಲ್ಲ. ಹೃದಯದೊಳಗಿನ ವಿದ್ಯುತ್ ದಾರಿಯಲ್ಲಿ ತಡೆ ಇತ್ತು. ಪೇಸ್‌ಮೇಕರ್ ಹಾಕಿಸಬೇಕಾಯಿತು.

ಡಿಮಾರ್ ತೀರಿಕೊಂಡ ಅದೇ 1958ರ ಅಕ್ಟೋಬರ್ 8ರಂದು, ಸ್ಟಾಕ್‌ಹೋಮ್‌ನಲ್ಲಿ ಆರ್ನೆ ಲಾರ್ಸನ್ ಎಂಬ 43 ವರ್ಷದ ರೋಗಿಯ ದೇಹದೊಳಗೆ ಜಗತ್ತಿನ ಮೊದಲ ಪೇಸ್‌ಮೇಕರ್ ಇಟ್ಟರು. ದಿನಕ್ಕೆ ಎಷ್ಟೋ ಸಲ ಪ್ರಜ್ಞೆ ತಪ್ಪಿ ಬೀಳುತ್ತಿದ್ದವರು ಅವರು. ಪತ್ನಿ ಎಲ್ಸೆ-ಮರಿ ಪಟ್ಟು ಹಿಡಿದದ್ದರಿಂದ ಅದು ಆಯಿತು. ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಲಾರ್ಸನ್ ಮಾತ್ರ ಬೇರೆ ಬೇರೆ ಪೇಸ್‌ಮೇಕರ್‌ಗಳ ಬಲದಲ್ಲಿ 2001ರವರೆಗೆ ಬದುಕಿದರು. ಆಪರೇಷನ್ ಮಾಡಿದ ಸೆನ್ನಿಂಗ್, ಯಂತ್ರ ಮಾಡಿದ ಎಲ್ಮ್‌ಕ್ವಿಸ್ಟ್, ಇಬ್ಬರೂ ಅವರಿಗಿಂತ ಮೊದಲೇ ಹೋದರು.

ಡಿಮಾರ್ ಹೃದಯಕ್ಕೆ ವೈದ್ಯರು ಸುಮ್ಮನೆ ಹೆದರಿದರು. ಮಾವನ ಹೃದಯಕ್ಕೆ ನಾವು ಹೆದರಬೇಕಿತ್ತು, ಹೆದರಲಿಲ್ಲ. ಎರಡೂ ಕಡೆ ತಪ್ಪು ಒಂದೇ: ಒಂದು ಗುರುತನ್ನು ನೋಡಿದ್ದು, ಆ ಮನುಷ್ಯನನ್ನು ಕೇಳದೇ ಇದ್ದದ್ದು.

ನಾಳೆ ಬೆಳಿಗ್ಗೆ ಚಾ ಕುಡಿಯುವ ಮೊದಲು, ಹಾಸಿಗೆಯಲ್ಲೇ, ಹೆಬ್ಬೆರಳಿನ ಬದಿಯ ಮಣಿಕಟ್ಟು ಹಿಡಿದು ಪೂರ್ತಿ 60 ಸೆಕೆಂಡ್ ಎಣಿಸಿ. ನಿಮ್ಮದು, ಮನೆಯ ಹಿರಿಯರದ್ದು. ಕಡಿಮೆ ಇದ್ದರೆ ಹೆದರ್ಬೇಡಿ, ಹಿಗ್ಗಲೂ ಬೇಡಿ. "ತಲೆ ತಿರುಗ್ತದಾ? ಸುಸ್ತಾಗ್ತದಾ? ಕಣ್ಣು ಕತ್ತಲೆ ಬರ್ತದಾ?" ಅಂತ ಕೇಳಿ. ಹೌದು ಅಂದರೆ ಇಸಿಜಿಗೆ ಕರ್ಕೊಂಡು ಹೋಗಿ, ನಾಳೆ ನೋಡುವ ಅನ್ಬೇಡಿ.

ಮಾವ ಈಗ ಸಂಜೆ ಕಾಪು ದೀಪಸ್ತಂಭದವರೆಗೆ ನಡೆದು ಬರ್ತಾರೆ. ನಿಮ್ಮ ಮನೆಯಲ್ಲಿ ಎಷ್ಟು ಬಂತು, ಕಾಮೆಂಟ್‌ನಲ್ಲಿ ಹೇಳಿ.

#ಉಡುಪಿ #ಮಣಿಪಾಲ #ಕಾಪು #ಕಾರ್ಕಳ #ಎದೆಬಡಿತ #ಇತಿಹಾಸದ_ಕಥೆ