ಹರಿಹರದ ಸೇತುವೆಯ ಆಚೆಗೆ



ಟಿ. ದಾಸರಹಳ್ಳಿಯಲ್ಲಿ ನನ್ನ ಬಳಿ ಓದಿದ ನಿಮಗೆ ತುಮಕೂರು ರಸ್ತೆಯನ್ನು ಪರಿಚಯಿಸಬೇಕಾಗಿಲ್ಲ. ಲಾರಿಗಳ ಸಾಲು ಮುಗಿಯುವವರೆಗೆ ಕಾದು, ಒಬ್ಬರ ಕೈ ಒಬ್ಬರು ಹಿಡಿದು ನೀವು ದಿನವೂ ದಾಟುತ್ತಿದ್ದ ರಸ್ತೆ ಅದು. ಅದು ಎಲ್ಲಿಗೆ ಹೋಗುತ್ತದೆಂದು ಕೇಳಿದವರಿಗೆ ‘ಪುಣೆಗೆ, ಬೊಂಬಾಯಿಗೆ’ ಎಂದು ಭೂಪಟದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ಆದರೆ ನಾನೇ ತುಮಕೂರಿನಿಂದ ಆಚೆಗೆ ಆ ಹಾದಿಯಲ್ಲಿ ಹೋದದ್ದು 1984ರ ಬೇಸಿಗೆ ರಜೆಯಲ್ಲಿ, ಮೊದಲ ಬಾರಿಗೆ.

ಪೀಣ್ಯದಲ್ಲಿ ಕಾರ್ಖಾನೆಗಳು ಬೆಳೆದಂತೆ ನಮ್ಮ ಊರಿಗೆ ಧಾರವಾಡ, ಬಿಜಾಪುರಗಳ ಕಡೆಯ ಕುಟುಂಬಗಳು ಬಂದು ನೆಲೆಸತೊಡಗಿದ್ದವು. ಆ ವರ್ಷ ಐದನೆಯ ತರಗತಿಗೆ ಧಾರವಾಡದ ಕಡೆಯ ಹುಡುಗನೊಬ್ಬ ಸೇರಿದ್ದ. ಒಮ್ಮೆ ನಾನು ಏನೋ ಕೇಳಿದಾಗ ಅವನು ಎದ್ದು ನಿಂತು, “ನನಗ ಗೊತ್ತಿಲ್ರೀ ಸರ” ಎಂದ. ತರಗತಿಯೆಲ್ಲ ನಕ್ಕಿತು. ನಾನು ಗದರಿಸಬೇಕಾಗಿತ್ತು. ಗದರಿಸಲಿಲ್ಲ, ನಾನೂ ನಕ್ಕು, “ಸರಿಯಾದ ಕನ್ನಡದಲ್ಲಿ ಹೇಳು” ಎಂದೆ. ಅಂದಿನಿಂದ ಅವನು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟ.

ಅವನ ತಂದೆ ಲೇತ್ ಯಂತ್ರದ ಕೆಲಸಗಾರರು. ಈ ಸಂಗತಿ ಅವರಿಗೆ ತಿಳಿದಿತ್ತೋ ಇಲ್ಲವೋ, ಏಪ್ರಿಲಿನಲ್ಲಿ ಮನೆಗೆ ಬಂದು, “ಮಾಸ್ತರ್ರ, ತಂಗಿ ಮದುವಿ ಐತ್ರಿ, ಮಕ್ಕಳನ್ನ ಕರಕೊಂಡ್ ಬರ್ರಿ” ಎಂದು ಕರೆದರು. ನನ್ನ ಷಡ್ಡಕರು ಆಗಷ್ಟೇ ಹಳೆಯದೊಂದು ಅಂಬಾಸಿಡರ್ ಕಾರು ಕೊಂಡಿದ್ದರು. ದೊಡ್ಡವರು ನಾಲ್ವರು, ಮಕ್ಕಳು ಐವರು, ಚಿತ್ರಾನ್ನ, ಮೊಸರನ್ನ, ನೀರಿನ ಕೂಜ. ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು.

ನಾನು ಮೇಷ್ಟರಲ್ಲವೇ? ದಾರಿಯುದ್ದಕ್ಕೂ ಪಾಠ ಶುರುಮಾಡಿದೆ. ಸಿರಾ ಬಂದಾಗ, 1687ರಿಂದ ಅದು ಮೊಗಲರ ಪ್ರಾಂತವೊಂದರ ರಾಜಧಾನಿಯಾಗಿತ್ತೆಂದೆ. ಕಿರಿಯ ಮಗ ಅಷ್ಟರಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದ. ಹಿರಿಯೂರಿನ ಬಳಿ ಕಾರಿನ ರೇಡಿಯೇಟರ್ ಕುದಿಯಿತು. ಅದು ಆರುವವರೆಗೆ ಹುಣಸೆಮರದ ನೆರಳಿನಲ್ಲಿ ಕುಳಿತು, ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಥೆ ಹೇಳಿದೆ. ಚಿತ್ರದುರ್ಗದ ಕೋಟೆ 1779ರಲ್ಲಿ ಹೈದರಾಲಿಯ ವಶವಾದುದನ್ನು ಹೇಳುವಾಗ ಮಕ್ಕಳು ಐವರೂ ನಿದ್ದೆ ಹೋಗಿದ್ದರು.

ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿ ಇಳಿದು ಬುತ್ತಿ ಬಿಚ್ಚಿದೆವು. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಅಲ್ಲಿ ಸೇತುವೆ ಕಟ್ಟಿ ಮುಗಿಸಿದ್ದು 1868ರಲ್ಲಿ. ಹೊಳೆಯ ಈಚೆಗೆ ಮೈಸೂರು ಸಂಸ್ಥಾನ, ಆಚೆಗೆ ಬೊಂಬಾಯಿ ಪ್ರಾಂತ. ಏಳು ವರ್ಷದ ಮಗಳು ಕೇಳಿದಳು: “ಅಪ್ಪ, ಆಚೆಯವರೂ ಕನ್ನಡದವರೇ ಆಗಿದ್ದರೆ ಬೇರೆ ಯಾಕಿದ್ದರು?”

ಪ್ರಶ್ನೆ ಸಣ್ಣದು, ಉತ್ತರ ಹೇಳುತ್ತ ಹೋದಂತೆ ನನಗೇ ಸಂಕೋಚವಾಗತೊಡಗಿತು. ಈಚೆಯ ನಮಗೆ ಕನ್ನಡವನ್ನು ಪೋಷಿಸುವ ಅರಸರಿದ್ದರು. ಆಚೆಯವರಿಗೆ ಅದು ಸುಲಭವಾಗಿ ದಕ್ಕಲಿಲ್ಲ. ಪೇಶ್ವೆಯವರ ಆಳ್ವಿಕೆ 1818ರಲ್ಲಿ ಮುಗಿದ ಮೇಲೂ ಅಲ್ಲಿನ ಶಾಲೆ, ಕಚೇರಿಗಳಲ್ಲಿ ಮರಾಠಿಯೇ ಮುಂದಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸಬೇಕಾಯಿತು. ರಾ. ಹ. ದೇಶಪಾಂಡೆಯವರು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ, ಹರಿದು ಹಂಚಿಹೋದ ಜನರಿಗೆ ತಾವು ಒಂದೇ ನಾಡಿನವರೆಂದು ನೆನಪಿಸಿದರು. 1953ರಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕುಳಿತರು. ಇತ್ತ ಹಳೆಯ ಮೈಸೂರಿನಲ್ಲಿ ಏಕೀಕರಣ ಬೇಡವೆಂದವರೂ ಸಾಕಷ್ಟು ಮಂದಿಯಿದ್ದರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. 1973ರವರೆಗೂ ಅದರ ಹೆಸರು ಮಾತ್ರ ನಮ್ಮದೇ, ಮೈಸೂರು.

ಇದನ್ನೆಲ್ಲ ನಾನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದವನೇ. ಕನ್ನಡಕ್ಕಾಗಿ ಹೆಚ್ಚು ಹೆಣಗಿದವರ ಮಗನಿಗೆ ‘ಸರಿಯಾದ ಕನ್ನಡ’ ಕಲಿಸಹೊರಟವನೂ ನಾನೇ ಎಂಬುದು ಆ ಹೊಳೆಯ ದಡದಲ್ಲಿ ಹೊಳೆಯಿತು.

ಮದುವೆಯ ಮನೆಗೆ ತಲಪಿದಾಗ ಕತ್ತಲಾಗಿತ್ತು. ಮರುದಿನ ಬೆಳಿಗ್ಗೆ ಮಗಳು ಅಂಗಳದಲ್ಲಿ ನಿಂತು, “ಒಂದು ಚೊಂಬು ನೀರು ಕೊಡಿ” ಎಂದಳು. ಅಲ್ಲಿನ ಮಕ್ಕಳಿಗೆ ಅದು ಚರಗಿ. ಅವಳ ರಾಗವನ್ನು ಅಣಕಿಸಿ ಹತ್ತಾರು ಮಕ್ಕಳು ನಕ್ಕರು. ಅವಳ ಮುಖ ಬಾಡಿತು. ನನ್ನ ತರಗತಿಯಲ್ಲಿ ನಾನು ಕಂಡೂ ಕಾಣದಂತಿದ್ದ ಮುಖವೇ ಅದು. ಆಗ ಹುಡುಗನ ಅಜ್ಜಿ ಹೊರಗೆ ಬಂದು, “ನಗಬ್ಯಾಡ್ರೋ, ಆಕಿ ಆಡೂದೂ ಕನ್ನಡನ ಐತಿ” ಎಂದು ಗದರಿ, ಚರಗಿ ತುಂಬ ನೀರು ತಂದು ಮಗಳ ಕೈಗಿತ್ತರು. ಶಾಲೆಯ ಮೆಟ್ಟಿಲು ಹತ್ತದ ಆ ಮುದುಕಿ ಮಾಡಿದ್ದನ್ನು ತರಬೇತಿ ಪಡೆದ ಮೇಷ್ಟರಾದ ನಾನು ಮಾಡಿರಲಿಲ್ಲ. ಹುಡುಗ ಕಂಬದ ಮರೆಯಿಂದ ನನ್ನನ್ನೇ ನೋಡುತ್ತಿದ್ದ.

ಜೂನಿನಲ್ಲಿ ಶಾಲೆ ತೆರೆದಾಗ ಅವನನ್ನು ಮುಂದೆ ಕರೆದು, ಅವರೂರಿನ ಮದುವೆಯನ್ನು ಅವರ ಮಾತಿನಲ್ಲೇ ವರ್ಣಿಸು ಎಂದೆ. ಮೊದಲು ತಡವರಿಸಿದ, ಆಮೇಲೆ ಗಂಟೆ ಬಾರಿಸಿದರೂ ನಿಲ್ಲಿಸಲಿಲ್ಲ. ಯಾರಾದರೂ ನಕ್ಕರೆ ನಾನು ತಿರುಗಿ ನೋಡುತ್ತಿದ್ದೆ. ಆದರೆ ಅಂದು ನಕ್ಕದ್ದಕ್ಕಾಗಿ ಅವನಲ್ಲಿ ಬಾಯಿಬಿಟ್ಟು ಕ್ಷಮೆ ಕೇಳಲಿಲ್ಲ. ಮೇಷ್ಟರು ಮಕ್ಕಳ ಕ್ಷಮೆ ಕೇಳುವ ರೂಢಿ ಆಗ ಇರಲಿಲ್ಲವೆಂಬುದು ನೆಪವಷ್ಟೇ.

ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿಯಾಗಿದ್ದ ಆ ರಸ್ತೆ ಈಗ 48ನೆಯದು. ಚೆನ್ನೈ, ಮುಂಬಯಿ, ದೆಹಲಿ, ಕೋಲ್ಕತ್ತಗಳನ್ನು ಜೋಡಿಸುವ 5,846 ಕಿಲೋಮೀಟರುಗಳ ಸುವರ್ಣ ಚತುಷ್ಪಥದಲ್ಲಿ ಅದೂ ಒಂದು ಭಾಗ. 2007ರಲ್ಲಿ ದಾಸರಹಳ್ಳಿ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2015ರಲ್ಲಿ ಮೆಟ್ರೋ ಬಂತು. ನಿಮ್ಮ ಮಕ್ಕಳು ಇಂದು ಹವಾನಿಯಂತ್ರಿತ ಕಾರಿನಲ್ಲಿ ಮಲಗಿಕೊಂಡೇ ಹರಿಹರವನ್ನು ದಾಟಿಬಿಡುತ್ತಾರೆ. ಸಾಧ್ಯವಾದರೆ ಅಲ್ಲಿ ಹತ್ತು ನಿಮಿಷ ಕಾರು ನಿಲ್ಲಿಸಿ. ಹೊಳೆಯನ್ನು ತೋರಿಸಿ, ಇದರ ಎರಡೂ ದಡದ ಮಾತು ಕನ್ನಡವೇ ಎಂದು ಹೇಳಿ.

ಐದನೆಯ ತರಗತಿಯ ಆ ಹುಡುಗನಿಗೆ ಈಗ ಐವತ್ತು ಕಳೆದಿರಬೇಕು. ಇದು ಅವನ ಕಣ್ಣಿಗೆ ಬಿದ್ದರೆ, ಅಂದು ಆಡದೆ ಉಳಿದ ಮಾತನ್ನು ಇಂದು ಆಡುತ್ತಿದ್ದೇನೆ: ತಪ್ಪು ನನ್ನದು, ಮಗು. ನೀನು ಆಡಿದ್ದು ಸರಿಯಾದ ಕನ್ನಡವೇ.