ಸರ್ಕಾರಿ ಪ್ರೌಢಶಾಲೆಗಳ ಫಲಿತಾಂಶ ಹೋಲಿಕೆ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪೋಷಕರಿಗೆ ಮಾಹಿತಿ

ತುಮಕೂರು ಕಂದಾಯ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಗೆ ಒಳಪಟ್ಟಿರುತ್ತವೆ. ಬಲಸಮುದ್ರದಂತಹ ಗ್ರಾಮಗಳ ಪೋಷಕರು ಮಕ್ಕಳನ್ನು 8ನೇ ತರಗತಿಗೆ ಸೇರಿಸುವ ಮುನ್ನ ಶಾಲೆಗಳ ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ಹೋಲಿಸಿ ನೋಡುವುದು ಸಹಜ. ಆದರೆ ಶೇಕಡಾವಾರು ಒಂದನ್ನೇ ನೆಚ್ಚಿದಲ್ಲಿ ಹೋಲಿಕೆ ತಪ್ಪುವ ಸಂಭವವಿರುತ್ತದೆ.

ಜಿಲ್ಲೆಯ ಸ್ಥಾನ

2020ರಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯು ರಾಜ್ಯದಲ್ಲಿ 3ನೇ ಸ್ಥಾನ ಪಡೆದಿತ್ತು. 2024ರ ಪರೀಕ್ಷೆ-1ರಲ್ಲಿ ಶೇ. 62.44 ಫಲಿತಾಂಶದೊಂದಿಗೆ 35 ಜಿಲ್ಲೆಗಳ ಪೈಕಿ 30ನೇ ಸ್ಥಾನಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಲಾಗಿತ್ತು. ರಾಜ್ಯದ ಫಲಿತಾಂಶವೂ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿದಿತ್ತು. ಸದರಿ ಸ್ಥಾನವು ಇಡೀ ಜಿಲ್ಲೆಗೆ ಸಂಬಂಧಿಸಿದ್ದು, ಅದರಿಂದ ಯಾವುದೇ ಒಂದು ಶಾಲೆಯ ಬೋಧನಾ ಗುಣಮಟ್ಟವನ್ನು ನಿರ್ಧರಿಸಲಾಗದು.

ವರ್ಷದಿಂದ ವರ್ಷಕ್ಕೆ ಹೋಲಿಕೆ

ಪರೀಕ್ಷಾ ನಿಯಮಗಳು ಬದಲಾದಾಗ ಫಲಿತಾಂಶವೂ ಬದಲಾಗುತ್ತದೆ. ಕೋವಿಡ್ ಕಾರಣ 2021ರಲ್ಲಿ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆದು ಬಹುತೇಕ ಎಲ್ಲರೂ ಉತ್ತೀರ್ಣರಾದರು. 2024ರಿಂದ ವರ್ಷಕ್ಕೆ 3 ಪರೀಕ್ಷೆಗಳು ಜಾರಿಗೆ ಬಂದವು. ಅದೇ ವರ್ಷ ಕೃಪಾಂಕದ ಮಿತಿಯನ್ನು ಹೆಚ್ಚಿಸಲಾಗಿತ್ತು. 2025-26ನೇ ಸಾಲಿನಿಂದ ಉತ್ತೀರ್ಣತೆಗೆ ಒಟ್ಟು 625ಕ್ಕೆ 206 ಅಂಕ ಹಾಗೂ ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಅಂಕ ನಿಗದಿಯಾಗಿದೆ. ಆದುದರಿಂದ ಒಂದೇ ವರ್ಷದ, ಒಂದೇ ಪರೀಕ್ಷೆಯ ಅಂಕಿ-ಅಂಶಗಳನ್ನು ಶಾಲೆಗಳ ನಡುವೆ ಹೋಲಿಸತಕ್ಕದ್ದು. ಅಂತಹ ಹೋಲಿಕೆಯನ್ನು ಕನಿಷ್ಠ 3 ವರ್ಷಗಳಿಗೆ ಮಾಡುವುದು ಸೂಕ್ತ.

ಶಾಲೆಗಳನ್ನು ಹೋಲಿಸುವಾಗ ಗಮನಿಸಬೇಕಾದ ಅಂಶಗಳು

1. ಹಾಜರಾದವರ ಸಂಖ್ಯೆ: 20 ವಿದ್ಯಾರ್ಥಿಗಳ ಶಾಲೆಯಲ್ಲಿ ಒಬ್ಬರು ಅನುತ್ತೀರ್ಣರಾದರೆ ಫಲಿತಾಂಶ ಶೇ. 95, 100 ವಿದ್ಯಾರ್ಥಿಗಳ ಶಾಲೆಯಲ್ಲಿ ಶೇ. 99.

2. ದಾಖಲಾದವರ ಸಂಖ್ಯೆ: 8ನೇ ತರಗತಿಗೆ 50 ಮಕ್ಕಳು ಸೇರಿ, 40 ಮಂದಿ ಮಾತ್ರ ಪರೀಕ್ಷೆಗೆ ಕುಳಿತು ಎಲ್ಲರೂ ಉತ್ತೀರ್ಣರಾದರೆ ಫಲಿತಾಂಶ ಶೇ. 100 ಎಂದಿರುತ್ತದೆ. ಉಳಿದ 10 ಮಕ್ಕಳು ಬೇರೆ ಶಾಲೆಗೆ ಹೋದರೋ, ಶಾಲೆ ಬಿಟ್ಟರೋ ಎಂಬುದನ್ನು ವಿಚಾರಿಸಬೇಕು.

3. ಪ್ರವೇಶದ ವಿಧಾನ: ಆದರ್ಶ ವಿದ್ಯಾಲಯಗಳಿಗೆ 6ನೇ ತರಗತಿಯಲ್ಲಿ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆ ನಡೆಯುತ್ತದೆ. ಎಲ್ಲರಿಗೂ ಪ್ರವೇಶ ನೀಡುವ ಗ್ರಾಮದ ಪ್ರೌಢಶಾಲೆಯೊಂದಿಗೆ ಅವುಗಳನ್ನು ಹೋಲಿಸುವುದು ಸಮಂಜಸವಲ್ಲ.

4. ಮನೆಮಾತು: ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡ ಪಾವಗಡ ತಾಲ್ಲೂಕಿನಲ್ಲಿ ತೆಲುಗು ಮನೆಮಾತಿನ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುವುದುಂಟು. ಅಂತಹ ಶಾಲೆಯ ಫಲಿತಾಂಶವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

5. ವಿಷಯವಾರು ಫಲಿತಾಂಶ: ಗಣಿತ, ವಿಜ್ಞಾನ, ಇಂಗ್ಲಿಷ್ ವಿಷಯಗಳ ಫಲಿತಾಂಶದ ಜೊತೆಗೆ ಆಯಾ ವಿಷಯದ ಶಿಕ್ಷಕರ ಹುದ್ದೆ ಭರ್ತಿಯಾಗಿದೆಯೇ ಎಂದು ಕೇಳಿ ತಿಳಿಯಬೇಕು.

ಮಾಹಿತಿ ಪಡೆಯುವ ವಿಧಾನ

ಮೊದಲು ಶಾಲೆಯ ಮುಖ್ಯ ಶಿಕ್ಷಕರನ್ನು, ನಂತರ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ಶಾಲೆಯ 11 ಅಂಕಿಗಳ ಯುಡೈಸ್ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಿದಲ್ಲಿ ಒಂದೇ ಹೆಸರಿನ ಶಾಲೆಗಳ ಬಗ್ಗೆ ಗೊಂದಲ ಉಂಟಾಗದು. ಮಾಹಿತಿ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ವಿದ್ಯಾರ್ಥಿಗಳ ಹೆಸರುಗಳನ್ನು ಕೋರದೆ, ದಾಖಲಾದವರು, ಹಾಜರಾದವರು ಮತ್ತು ಉತ್ತೀರ್ಣರಾದವರ ಸಂಖ್ಯೆಯನ್ನು ಮಾತ್ರ ಕೇಳಿದರೆ ಸಾಕು. ಈ ಮೂರು ಸಂಖ್ಯೆಗಳನ್ನು ಒಟ್ಟಿಗೆ ನೋಡಿದ ನಂತರವೇ ಶಾಲೆಯ ಆಯ್ಕೆ ಮಾಡುವುದು ಮಗುವಿನ ಹಿತಕ್ಕೆ ಅನುಕೂಲ.