ಹಲ್ಲಿನ ತಂತಿ ಕೋರ್ಟು ಹತ್ತಿದ ಕಥೆ

ಓರೆಕೋರೆ ಹಲ್ಲುಗಳಿಗೆ ತಂತಿ ಬಿಗಿದು ಸಾಲಿಗೆ ತರುವ ವಿದ್ಯೆಗೆ ಆರ್ಥೊಡಾಂಟಿಕ್ಸ್ ಎಂದು ಹೆಸರು. ನಮ್ಮ ಮನೆಗಳಲ್ಲಿ ಅದು 'ಹಲ್ಲಿಗೆ ಕ್ಲಿಪ್ ಹಾಕಿಸುವುದು'. ಸಾಮಾನ್ಯವಾಗಿ ಪ್ರಾಣಕ್ಕೆ ಎರವಾಗುವ ಚಿಕಿತ್ಸೆ ಇದಲ್ಲ. ಹಾಗಾಗಿ ಇದನ್ನು ಮಾಡುವ ವೈದ್ಯರು ಬಹುಕಾಲ ಕೋರ್ಟು ಕಚೇರಿಗಳ ಚಿಂತೆಯಿಲ್ಲದೆ ಇದ್ದರು. 1987ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬಂದ ಒಂದು ತೀರ್ಪು ಆ ನೆಮ್ಮದಿಯನ್ನು ಕೆಡಿಸಿತು. ಹದಿಹರೆಯದಲ್ಲಿ ಚಿಕಿತ್ಸೆ ಪಡೆದಿದ್ದ ಯುವತಿಯೊಬ್ಬಳಿಗೆ ಆಕೆಯ ವೈದ್ಯರಿಂದ 8,50,000 ಡಾಲರ್ ಪರಿಹಾರ ಸಲ್ಲಬೇಕೆಂದು ಜ್ಯೂರಿ ಹೇಳಿತು.

ಆಕೆಯ ದೂರು ಹಲ್ಲು ನೆಟ್ಟಗಾಗಲಿಲ್ಲವೆಂದಲ್ಲ. ಮೇಲಿನ ಸಾಲಿನ ಎರಡು ಹಲ್ಲು ಕಿತ್ತು, ತಲೆಯ ಹಿಂದೆ ಪಟ್ಟಿ ಕಟ್ಟುವ ಹೆಡ್‌ಗಿಯರ್ ತೊಡಿಸಿ ಮುಂದಿನ ಹಲ್ಲುಗಳನ್ನು ಹಿಂದಕ್ಕೆ ಎಳೆದಿದ್ದರಿಂದ ಕಿವಿಯ ಮುಂದಿರುವ ದವಡೆಯ ಕೀಲು ಕೆಟ್ಟಿತು ಎಂಬುದು ವಾದ. ಕೀಲು ಕೆಟ್ಟರೆ ಬಾಯಿ ತೆರೆದಾಗ ಟಕ್ಕೆಂದು ಸದ್ದು, ಅಗಿಯುವಾಗ ನೋವು, ಜೊತೆಗೆ ತಲೆನೋವು.

ಈ ವಾದ ಏಕಾಏಕಿ ಹುಟ್ಟಿದ್ದಲ್ಲ. ಹಲ್ಲು ಕೀಳಬೇಕೆ ಬೇಡವೆ ಎಂಬುದು ಈ ವೃತ್ತಿಯ ಹಳೆಯ ಮನೆಜಗಳ. ಆಧುನಿಕ ಆರ್ಥೊಡಾಂಟಿಕ್ಸ್‌ನ ಪಿತಾಮಹ ಎನಿಸಿದ ಎಡ್ವರ್ಡ್ ಆಂಗಲ್ ಅಷ್ಟೂ ಹಲ್ಲುಗಳನ್ನು ಉಳಿಸಿಕೊಂಡೇ ಸಾಲು ಸರಿಪಡಿಸಬೇಕೆಂದು ಹಟ ಹಿಡಿದಿದ್ದರು. ಕೆಲವರಿಗಾದರೂ ಕೀಳದೆ ಗತಿಯಿಲ್ಲವೆಂದು ಕ್ಯಾಲ್ವಿನ್ ಕೇಸ್ ಪ್ರತಿವಾದಿಸಿದರು. 1911ರಲ್ಲಿ ಈ ಎರಡು ಪಂಗಡಗಳ ನಡುವೆ ನಡೆದ ಚರ್ಚೆ ವೃತ್ತಿಯ ಇತಿಹಾಸದಲ್ಲಿ ಪ್ರಸಿದ್ಧ. ಹೆಸರಿನಲ್ಲೇ ಕೇಸ್ ಇದ್ದರೂ ಆಗ ಯಾರೂ ಕೋರ್ಟಿಗೆ ಹೋಗಲಿಲ್ಲವೆನ್ನಿ! ಆಂಗಲ್ 1930ರಲ್ಲಿ ತೀರಿಕೊಂಡರು. ಅವರ ಶಿಷ್ಯರೇ ಆದ ಅರಿಜೋನಾದ ಚಾರ್ಲ್ಸ್ ಟ್ವೀಡ್, ಗುರುವಿನ ಮಾತಿನಂತೆ ತಾವೇ ಚಿಕಿತ್ಸೆ ನೀಡಿದ್ದ ರೋಗಿಗಳನ್ನು ಮತ್ತೆ ಕರೆಸಿ ನೋಡಿದರು. ಹಲವರ ಹಲ್ಲುಗಳು ಪುನಃ ಓರೆಯಾಗಿದ್ದವು, ತುಟಿಗಳು ಉಬ್ಬಿದ್ದವು. ಕೋರೆಹಲ್ಲಿನ ಹಿಂದಿನ ನಾಲ್ಕು ಪುಟ್ಟ ಹಲ್ಲುಗಳನ್ನು ಕಿತ್ತು ಅವರು ಮರುಚಿಕಿತ್ಸೆ ಮಾಡಿದರು. ತನ್ನ ಸೋಲನ್ನು ತಾನೇ ಸಭೆಯ ಮುಂದಿಟ್ಟ ವೈದ್ಯರು ಅಪರೂಪ. ಆಮೇಲೆ ಕೀಳುವುದೇ ವಾಡಿಕೆಯಾಯಿತು. 1980ರ ದಶಕದ ಹೊತ್ತಿಗೆ ಗಾಳಿ ಮತ್ತೆ ತಿರುಗಿತ್ತು. ಹೀಗೆ ಕೀಳುವುದರಿಂದ ಕೆಳದವಡೆ ಹಿಂದೆ ಸರಿದು ಕೀಲನ್ನು ಒತ್ತುತ್ತದೆ ಎಂದು ಕೆಲವು ದಂತವೈದ್ಯರೇ ಹೇಳತೊಡಗಿದ್ದರು. ಅದೇ ಮಾತು ಮಿಷಿಗನ್‌ನ ಕಟಕಟೆ ಏರಿತು.

ತೀರ್ಪಿನಿಂದ ಬೆಚ್ಚಿದ ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ ಸಂಶೋಧನೆಗೆ ಹಣ ಕೊಟ್ಟಿತು. 1992ರ ಜನವರಿಯಲ್ಲಿ ಸಂಘದ ಪತ್ರಿಕೆ ಈ ವಿಷಯಕ್ಕೇ ಮೀಸಲಾದ ಲೇಖನಗಳನ್ನು ಪ್ರಕಟಿಸಿತು. 1995ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಜೇಮ್ಸ್ ಮೆಕ್‌ನಮಾರ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಕಂಡದ್ದು ಇಷ್ಟು: ಕೀಲಿನ ತೊಂದರೆ ಕ್ಲಿಪ್ ಹಾಕಿಸದವರಲ್ಲೂ ಇರುತ್ತದೆ. ಹರೆಯದಲ್ಲಿ ಅದು ಹೆಚ್ಚುತ್ತದೆ, ಕ್ಲಿಪ್ ಹಾಕಿಸುವ ವಯಸ್ಸೂ ಅದೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ! ಹಲ್ಲು ಕಿತ್ತು ಮಾಡುವ ಚಿಕಿತ್ಸೆಯಿಂದ ಕೀಲಿನ ಅಪಾಯ ಹೆಚ್ಚುವುದಕ್ಕೆ ಆಧಾರ ಸಿಗಲಿಲ್ಲ.

ಆದರೆ ಜ್ಯೂರಿ ಐದು ವರ್ಷ ಕಾಯುವುದಿಲ್ಲ. ವಿಜ್ಞಾನ ಉತ್ತರ ಹುಡುಕುವ ಮೊದಲೇ ತೀರ್ಪು ಬಂದುಬಿಡುತ್ತದೆ. ಅಂಥ ಹೊತ್ತಿನಲ್ಲಿ ವೈದ್ಯರ ಕೈಲಿರುವುದು ಅವರ ಕಡತ ಮಾತ್ರ. ತಂತಿ ಕಟ್ಟುವ ಮುನ್ನ ಕೀಲು ಹೇಗಿತ್ತು? ಪರೀಕ್ಷಿಸಿ ಬರೆದಿಟ್ಟಿದ್ದರೆ? ಹೀಗೂ ಆಗಬಹುದೆಂದು ರೋಗಿಗೆ ಹೇಳಿದ್ದರೆ? ಅಂದಿನಿಂದ ಚಿಕಿತ್ಸೆಗೆ ಮುನ್ನ ಬಾಯಿ ಎಷ್ಟು ತೆರೆಯುತ್ತದೆ, ಸದ್ದು ಬರುತ್ತದೆಯೆ ಎಂದು ನೋಡಿ ದಾಖಲಿಸುವುದಕ್ಕೆ ಹೊಸ ಮಹತ್ವ ಬಂತು. ತಂತಿಯ ಸೆಳೆತಕ್ಕೆ ಹಲ್ಲಿನ ಬೇರು ಸವೆಯಬಹುದೆಂಬುದನ್ನಂತೂ ಡೆನ್ವರ್‌ನ ಆಲ್ಬರ್ಟ್ ಕೆಚಮ್ 1920ರ ದಶಕದಲ್ಲೇ ಎಕ್ಸ್‌ರೇ ಹಿಡಿದು ತೋರಿಸಿದ್ದರು. ನಡುವೆ ಒಮ್ಮೆ ಎಕ್ಸ್‌ರೇ ತೆಗೆಯದೆ ಎರಡು ಮೂರು ವರ್ಷ ತಂತಿ ಬಿಗಿಯುತ್ತಲೇ ಹೋದ ವೈದ್ಯರಿಗೆ ಗೊತ್ತಿರಲಿಲ್ಲವೆಂಬ ನೆಪ ಕಷ್ಟ. ಒಸಡಿನ ರೋಗ, ಸರಿಯಾಗಿ ಉಜ್ಜದ ಹಲ್ಲಿನ ಮೇಲೆ ಉಳಿಯುವ ಬಿಳಿ ಕಲೆ ಇವೂ ಅಷ್ಟೇ.

ಒಪ್ಪಿಗೆಯ ಪ್ರಶ್ನೆಯೂ ಹೊಸದಲ್ಲ. 1767ರಲ್ಲಿ ಇಂಗ್ಲೆಂಡಿನಲ್ಲಿ ಬೇಕರ್ ಎಂಬ ಶಸ್ತ್ರವೈದ್ಯ ಮತ್ತು ಸ್ಟೇಪಲ್ಟನ್ ಎಂಬ ಔಷಧಿಕಾರ ಇಂಥದೇ ದಾವೆ ಎದುರಿಸಿದ್ದರು. ಕಾಲು ಮುರಿದುಕೊಂಡವನೊಬ್ಬ ಪಟ್ಟಿ ಬಿಚ್ಚಿಸಲು ಬಂದರೆ, ಕೂಡಿಕೊಳ್ಳುತ್ತಿದ್ದ ಮೂಳೆಯನ್ನು ಅವನ ಒಪ್ಪಿಗೆಯಿಲ್ಲದೆ ಮತ್ತೆ ಮುರಿದು, ಕಾಲು ನೀಳ ಮಾಡಲು ಹಲ್ಲುಹಲ್ಲಾದ ಉಕ್ಕಿನ ಸಾಧನವೊಂದನ್ನು ಬಿಗಿದರು. ಬೇಕರ್ ಹೆಸರಾಂತ ಆಸ್ಪತ್ರೆಯ ಅನುಭವಿ. ಅದು ಉಪಯೋಗಕ್ಕೆ ಬರಲಿಲ್ಲ. ರೋಗಿಗೆ 500 ಪೌಂಡ್ ಸಿಕ್ಕಿತು. ಒಪ್ಪಿಗೆ ಕೇಳುವುದು ಶಸ್ತ್ರವೈದ್ಯರದೇ ವಾಡಿಕೆಯೆಂದು ಇತರ ವೈದ್ಯರು ಸಾಕ್ಷಿ ನುಡಿದದ್ದು ಅವರಿಗೆ ಮುಳುವಾಯಿತು.

ಭಾರತದಲ್ಲಿ ಈ ಅಧ್ಯಾಯ ಬಿಸಿಯೇರಿದ್ದು 1995ರ ನವೆಂಬರ್ 13ರಂದು. ಹಣ ಪಡೆದು ಚಿಕಿತ್ಸೆ ನೀಡುವ ವೈದ್ಯರು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆಂದು ಸುಪ್ರೀಂ ಕೋರ್ಟ್ ಅಂದು ಹೇಳಿತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳಿಗಷ್ಟೇ ವಿನಾಯಿತಿ. ದಂತವೈದ್ಯರೂ ಇದರಿಂದ ಹೊರಗುಳಿಯಲಿಲ್ಲ. ಆ ಕಾಯ್ದೆಯ ಜಾಗಕ್ಕೆ 2019ರ ಕಾಯ್ದೆ ಬಂದಿದೆ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕೆಂಬ ನಿಯಮ ಮುಂದುವರಿದಿದೆ. 2005ರಲ್ಲಿ ಅದೇ ನ್ಯಾಯಾಲಯ, ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯವೇ ಇರಬೇಕೆಂದು ಹೇಳಿ ವೈದ್ಯರಿಗೆ ತುಸು ಧೈರ್ಯ ಕೊಟ್ಟಿತು. 2008ರಲ್ಲಿ ಮತ್ತೊಂದು ತೀರ್ಪು ಒಪ್ಪಿಗೆಯ ಅರ್ಥವನ್ನು ಬಿಡಿಸಿಟ್ಟಿತು. ಚಿಕಿತ್ಸೆ ಏನು, ಬೇರೆ ದಾರಿ ಏನಿದೆ, ಅಪಾಯವೇನು, ಮಾಡಿಸದಿದ್ದರೆ ಏನಾಗುತ್ತದೆ ಎಂಬುದು ತಿಳಿದ ಮೇಲೆ ಕೊಟ್ಟದ್ದೇ ಒಪ್ಪಿಗೆ.

ಇಂಗ್ಲಿಷಿನಲ್ಲಿ ಅಚ್ಚಾದ ಫಾರಂ ಒಂದನ್ನು ಮುಂದಿಟ್ಟು 'ಇಲ್ಲೊಂದು ಸೈನ್ ಹಾಕಿ' ಎನ್ನುವ ಪದ್ಧತಿ ಈ ಅರ್ಥಕ್ಕೆ ನಿಲ್ಲುತ್ತದೆಯೆ? ಮಗಳ ಹಲ್ಲು ಸರಿಪಡಿಸಲು ಬಂದ ತಾಯಿಗೆ, ಹಲ್ಲು ಕೀಳಬೇಕಾಗಬಹುದು, ಬೇರು ಸವೆಯಬಹುದು, ಕ್ಲಿಪ್ ಬಿಚ್ಚಿದ ಮೇಲೂ ರಿಟೇನರ್ ಹಾಕದಿದ್ದರೆ ಹಲ್ಲು ಮತ್ತೆ ಓಡುತ್ತದೆ ಎಂದು ಆಕೆಯ ಭಾಷೆಯಲ್ಲಿ ಹೇಳಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಉಳಿಸಿದ ವೈದ್ಯರು ನಂತರ ವಕೀಲರ ಕಚೇರಿಯಲ್ಲಿ ಹತ್ತು ದಿನ ಕಳೆಯಬೇಕಾದೀತು.

ದೂರು ಬಂದೇಬಿಟ್ಟರೆ? ಮೊದಲ ತಪ್ಪು ಕಡತ ತಿದ್ದುವುದು. ಆಮೇಲೆ ಸೇರಿಸಿದ ಒಂದು ಸಾಲು ಹಿಂದಿನ ಪ್ರಾಮಾಣಿಕ ಪುಟಗಳನ್ನೆಲ್ಲ ಅನುಮಾನಕ್ಕೆ ಈಡುಮಾಡುತ್ತದೆ. ಎರಡನೆಯದು ಫೋನ್ ಎತ್ತದೆ ಮುಖ ತಪ್ಪಿಸುವುದು. ರೋಗಿಯನ್ನು ಕೂರಿಸಿ ಆದದ್ದನ್ನು ವಿವರಿಸಿ, ಬೇಕಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯಕ್ಕೆ ತಾವೇ ಕಳಿಸಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ನೋಟಿಸ್ ಬಂದ ದಿನವೇ ವಿಮಾ ಕಂಪನಿಗೂ ವಕೀಲರಿಗೂ ತಿಳಿಸಬೇಕು. ರೋಗಿ ಎಷ್ಟು ಸಲ ಹೇಳಿದ ದಿನಕ್ಕೆ ಬರಲಿಲ್ಲ, ರಬ್ಬರ್ ಬ್ಯಾಂಡ್ ಹಾಕಲಿಲ್ಲ ಎಂಬುದೂ ಆಯಾ ದಿನವೇ ಬರೆದದ್ದಾದರೆ ಮಾತ್ರ ನ್ಯಾಯಾಲಯದಲ್ಲಿ ಬೆಲೆ.

ಆರ್ಥೊಡಾಂಟಿಸ್ಟರ ಕ್ಲಿನಿಕ್ಕುಗಳ ಕಪಾಟುಗಳಲ್ಲಿ ಹೆಸರು, ತಾರೀಖು ಬರೆದ ಪ್ಲಾಸ್ಟರ್ ಹಲ್ಲಿನ ಅಚ್ಚುಗಳು ಸಾಲುಗಟ್ಟಿರುತ್ತಿದ್ದವು. ಈಗ ಹಲವು ಕಡೆ ಆ ಕೆಲಸ ಸ್ಕ್ಯಾನರ್ ಮತ್ತು ಕಂಪ್ಯೂಟರಿನದು. ಅಚ್ಚು ಯಾವುದೇ ಇರಲಿ, ಮೊದಲ ದಿನ ಆ ಬಾಯಿ ಹೇಗಿತ್ತು ಎಂಬುದಕ್ಕೆ ವೈದ್ಯರಿಗೂ ರೋಗಿಗೂ ಅದೇ ಸಾಕ್ಷಿ.